ಹಾಸುಗಲ್ಲಿನ ಸಂದಿಗೆ ಹಾಕಿದ ಉಪ್ಪು

ನನಗೆ ಕಸದ ಮೇಲೆ ಮೊದಲಿನಿಂದಲೂ ಸಿಟ್ಟು. ಮನೆಯೊಳಗಿನ ಕಸದ ಮಾತಲ್ಲ, ಅದನ್ನು ಕಸಬರಿಗೆ ನೋಡಿಕೊಳ್ಳುತ್ತದೆ. ಗೇಟಿನಿಂದ ಕಟ್ಟೆಯವರೆಗೆ ಹಾಸಿದ ಕಲ್ಲಿನ ಸಂದಿಯಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ಏಳುತ್ತದಲ್ಲ, ಆ ಕಸ. ನಮ್ಮ ಕಡೆ ಕಳೆಗೆ ಕಸ ಎಂದೇ ಹೆಸರು. ಇಳಕಲ್ಲಿನಲ್ಲಿ ಕಲ್ಲಿಗೇನು ಬರವೇ? ಖಣಿಯಲ್ಲಿ ಒಡೆದು ಉಳಿದ ಕೆಂಪು ಗ್ರಾನೈಟಿನ ತುಂಡುಗಳನ್ನು ತಂದು ಹಾಸಿಸಿದ್ದೆವು. ಒಂದು ತುಂಡು ಇನ್ನೊಂದಕ್ಕೆ ಹೊಂದಲಿಲ್ಲ. ಸಂದಿ ಉಳಿಯಿತು, ಸಂದಿಯಲ್ಲಿ ಮಣ್ಣು ಕೂತಿತು, ಮಣ್ಣಿನಲ್ಲಿ ಕರಿಕೆ, ಗೋಳಿ, ನೆಗ್ಗಿನಮುಳ್ಳು, ಎಲ್ಲಕ್ಕಿಂತ ಹೆಚ್ಚಾಗಿ ಜೇಕು. ಜೇಕಿನ ಹಟ ನಿಮಗೂ ಗೊತ್ತಿರಬಹುದು. ಮೇಲಿನ ಎಲೆ ಎಷ್ಟು ಕಿತ್ತರೂ ಕೆಳಗೆ ಗಡ್ಡೆ ಆರಾಮವಾಗಿ ಕೂತಿರುತ್ತದೆ, ಎಂಟು ದಿನಕ್ಕೆ ಮತ್ತೆ ತಲೆ ಎತ್ತುತ್ತದೆ.

ಆ ದಾರಿ ನಮ್ಮೊಬ್ಬರದೇ ಅಲ್ಲ. ಎರಡು ಮನೆಗೆ ಒಂದೇ ಗೇಟು, ಒಂದೇ ದಾರಿ. ಎಡಕ್ಕೆ ನಾವು ಗಂಡ ಹೆಂಡತಿ. ನಾನು ಹುನಗುಂದದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು, ನಮ್ಮ ಯಜಮಾನರು ಬಸ್ಸಿನ ಕಂಡಕ್ಟರಾಗಿದ್ದವರು. ನಮಗೆ ಮಕ್ಕಳಿಲ್ಲ. ಬಲಕ್ಕೆ ನೇಕಾರರ ಮನೆ. ಆ ಮನೆಯಾಕೆ ನನಗಿಂತ ಹತ್ತು ವರ್ಷ ಚಿಕ್ಕವಳು, ಮನೆಯಲ್ಲೇ ಮಗ್ಗದ ಮೇಲೆ ಸೀರೆ ನೇಯುತ್ತಾಳೆ, ನನ್ನನ್ನು ಅಕ್ಕೋರು ಎನ್ನುತ್ತಾಳೆ. ನಮ್ಮ ಸೀಮೆಯಲ್ಲಿ ಸಾಲಿ ಕಲಿಸುವ ಹೆಂಗಸಿಗೆ ಅದೇ ಹೆಸರು. ಅವಳಿಗೆ ಒಬ್ಬಳೇ ಮಗಳು. ಆ ಹುಡುಗಿ ಚಿಕ್ಕವಳಿದ್ದಾಗ ಅರ್ಧ ದಿನ ನಮ್ಮ ಮನೆಯಲ್ಲೇ ಇರುತ್ತಿತ್ತು, ನನಗೆ ದೊಡ್ಡವ್ವ ಎನ್ನುತ್ತಿತ್ತು, ಮುಂದೆ ಹೈಸ್ಕೂಲಿಗೂ ನನ್ನ ಜೊತೆಗೇ ಹುನಗುಂದಕ್ಕೆ ಬರುತ್ತಿತ್ತು, ಬೀಜಗಣಿತ ಬಾರದೆ ನನ್ನ ಕೈಲಿ ಬೈಸಿಕೊಂಡು ಅಳುತ್ತಾ ರೊಟ್ಟಿ ತಿನ್ನುತ್ತಿತ್ತು.

ಅವಳನ್ನು ಬಾದಾಮಿಗೆ ಕೊಟ್ಟಿದ್ದರು. ಒಳ್ಳೆಯ ಮನೆ, ಒಳ್ಳೆಯ ಗಂಡ. ಆದರೆ ಎರಡು ಸಲ ಬಸುರು ನಿಲ್ಲಲಿಲ್ಲ. ಒಮ್ಮೆ ಐದನೇ ತಿಂಗಳಿಗೆ, ಇನ್ನೊಮ್ಮೆ ಆರಕ್ಕೆ. ಎರಡನೆಯ ಸಲ ಅವಳನ್ನು ನೋಡಲು ಹೋದಾಗ ಗೋಡೆಗೆ ಮುಖ ಮಾಡಿ ಮಲಗಿದ್ದಳು, ನಾನು ಕರೆದರೂ ತಿರುಗಲಿಲ್ಲ. ಮೂರನೆಯದು ಏಳು ತಿಂಗಳು ದಾಟಿತು. ಸೀಮಂತದ ಕುಬಸ ಮುಗಿಸಿ ತವರಿಗೆ ಕರೆತಂದರು. ಡಾಕ್ಟರಮ್ಮ ಕಟ್ಟುನಿಟ್ಟಾಗಿ ಹೇಳಿದ್ದಳು: ಮೆಟ್ಟಿಲು ಹತ್ತಬಾರದು, ಭಾರ ಎತ್ತಬಾರದು, ಜಾರಬಾರದು, ಜೋಲಿ ಹೊಡೆಯುವ ಗಾಡಿಯಲ್ಲಿ ದೂರ ಹೋಗಲೇಬಾರದು. ದವಾಖಾನೆಗೆ ಹೋಗುವ ದಿನ ಗಾಡಿ ನೇರವಾಗಿ ಬಾಗಿಲಿಗೇ ಬಂದು ನಿಲ್ಲಬೇಕು.

ಈಗ ದಾರಿ ನೋಡಿದರೆ ಹೇಗಿತ್ತು? ಮೊಣಕಾಲೆತ್ತರ ಕಸ. ಕಲ್ಲಿನ ಅಂಚು ಎಲ್ಲಿ, ಸಂದಿ ಎಲ್ಲಿ ಕಾಣುವುದಿಲ್ಲ. ಹಸಿ ಗೋಳಿಯ ಮೇಲೆ ಕಾಲಿಟ್ಟರೆ ಜಾರುತ್ತದೆ. ಒಂದು ಚೇಳು ಬೇರೆ ಹೊರಟಿತ್ತು. ನೇಕಾರರಾಕೆ ಮಗ್ಗ ಬಿಟ್ಟು ಏಳುವಂತಿಲ್ಲ, ಹಬ್ಬದ ಸೀರೆಗಳು ಮುಗಿಯಬೇಕು. ದಾರಿಯ ಜವಾಬ್ದಾರಿ ನನಗೆ ಬಿಡು, ಕಲ್ಲು ಕನ್ನಡಿಯ ಹಾಗೆ ಮಾಡುತ್ತೇನೆ ಎಂದು ನಾನೇ ಎದೆ ತಟ್ಟಿಕೊಂಡು ಹೇಳಿದೆ. ನಿವೃತ್ತಿಯಾದ ಮೇಲೆ ಯಾರಾದರೂ ಒಂದು ಕೆಲಸ ಹಚ್ಚಿದರೆ ಸಾಕು ಎನ್ನುವ ಹಾಗಿದ್ದೆ, ಇದಂತೂ ಯಾರೂ ಹಚ್ಚದೇ ನಾನೇ ಮೈಮೇಲೆ ಹಾಕಿಕೊಂಡದ್ದು.

ಗೊಬ್ಬರದ ಅಂಗಡಿಯವನು ಒಂದು ಬಾಟಲಿ ಎತ್ತಿ ತೋರಿಸಿದ. ಹುಲ್ಲು ಸಾಯುವ ಎಣ್ಣೆ, ಒಮ್ಮೆ ಹೊಡೆದರೆ ಬೇರು ಸಮೇತ ಒಣಗುತ್ತದೆ ಎಂದ. ಅದರ ವಾಸನೆಗೇ ನನ್ನ ತಲೆ ತಿರುಗಿತು. ಬಸುರಿ ಓಡಾಡುವ ದಾರಿಗೆ ಇಂಥದ್ದು ಹೊಡೆಯಲು ನಿನಗೆ ಬುದ್ಧಿ ಇದೆಯೇನಪ್ಪ ಎಂದು ಅವನನ್ನೇ ಬೈದು ಬಂದೆ. ಪಾಪ, ಅವನಿಗೆ ಬಸುರಿಯ ವಿಷಯ ಗೊತ್ತಿರಲಿಲ್ಲ. ಆದದ್ದಾಗಲಿ, ಅಡುಗೆಮನೆಯಲ್ಲಿ ಇರುವುದರಿಂದಲೇ ಕಸ ಕೊಲ್ಲುವುದೆಂದು ತೀರ್ಮಾನಿಸಿದೆ.

ಮೊದಲು ಕುದಿಯುವ ನೀರು. ಬಚ್ಚಲ ಹಂಡೆ ಕಾಯಿಸಿ ತಂಬಿಗೆಯಿಂದ ಸಂದಿಗೆ ಸುರಿದೆ. ಗೋಳಿ ಪಲ್ಯದ ಹಾಗೆ ಬೆಂದು ಮಲಗಿತು. ನೆಗ್ಗಿನಮುಳ್ಳು ಎರಡು ದಿನಕ್ಕೆ ಕಂದಿತು. ಜೇಕು ಸ್ನಾನ ಮಾಡಿದವರ ಹಾಗೆ ಇನ್ನಷ್ಟು ಹಸಿರಾಯಿತು. ಆಮೇಲೆ ನೇಕಾರರ ಮನೆಯಲ್ಲಿ ನೂಲಿಗೆ ಹಚ್ಚಿ ಉಳಿದ ಬಿಸಿ ಗಂಜಿ ಕೇಳಿ ತಂದು ಹಾಕಿದೆ. ಗಂಜಿ ದಪ್ಪ, ಬಿಸಿ ಹೆಚ್ಚು ಹೊತ್ತು ಹಿಡಿಯುತ್ತದೆ ಎಂಬುದು ನನ್ನ ಲೆಕ್ಕ. ಬಿಸಿ ಹಿಡಿಯಿತೋ ಇಲ್ಲವೋ, ಮರುದಿನ ಊರಿನ ಇರುವೆಯೆಲ್ಲಾ ನಮ್ಮ ದಾರಿಗೆ ಬಂದಿತ್ತು. ಬಸುರಿಯ ಕಾಲಿಗೆ ಕೆಂಪಿರುವೆ ಕಚ್ಚಿದರೆ ಇನ್ನೊಂದು ಉಪದ್ರವ ಎಂದು ಸಂದಿಗುಂಟ ಅರಿಷಿಣಪುಡಿ ಎಳೆದೆ. ನಮ್ಮ ಯಜಮಾನರು ಕಟ್ಟೆಯ ಮೇಲೆ ಕೂತು, ನೀನು ಕಸ ಕೊಲ್ಲುತ್ತಿದ್ದೀಯೋ ಒಗ್ಗರಣೆ ಹಾಕುತ್ತಿದ್ದೀಯೋ ಎಂದು ಕೇಳಿದರು.

ಮೊಬೈಲಿನಲ್ಲಿ ಒಂದು ವಿಡಿಯೊ ನೋಡಿದೆ. ವಿನೆಗರು, ಉಪ್ಪು, ಸಾಬೂನಿನ ನೀರು. ಹುಳಿ ಎಲೆಯನ್ನು ಸುಡುತ್ತದೆ, ಉಪ್ಪು ನೀರು ಹೀರುತ್ತದೆ, ಸಾಬೂನು ಎರಡನ್ನೂ ಎಲೆಗೆ ಅಂಟಿಸುತ್ತದೆ. ಇದು ಸರಿಯಾದ ವಿಜ್ಞಾನ ಎನಿಸಿತು. ವಿನೆಗರು ಕೇಳಿಕೊಂಡು ಹೋದರೆ ಕಿರಾಣಿ ಅಂಗಡಿಯವನು ಗೋಬಿ ಗಾಡಿಯವನನ್ನು ಕೇಳಿ ಎಂದ, ಗೋಬಿ ಗಾಡಿಯವನು ನನ್ನನ್ನು ಮೇಲೆ ಕೆಳಗೆ ನೋಡಿದ. ಹುಳಿ ಎಂದರೆ ಹುಳಿ, ಅದಕ್ಕೇನು ವಿನೆಗರೇ ಆಗಬೇಕೆ? ಸಂತೆಯಲ್ಲಿ ಕೊನೆಗೆ ಉಳಿದ ಮೆತ್ತನೆಯ ನಿಂಬೆಹಣ್ಣು ಒಂದು ಚೀಲ ತಂದೆ.

ಅವತ್ತು ಮಧ್ಯಾಹ್ನ ಬಿಸಿಲು ಚುರುಗುಡುತ್ತಿತ್ತು. ಇಂಥ ಕೆಲಸಕ್ಕೆ ಅದೇ ಬೇಕು. ಮೂರು ಗಂಟೆಯ ಬಸ್ಸಿಗೆ ನಾವು ಬಾಗಲಕೋಟೆಗೆ ಹೊರಡುವುದಿತ್ತು, ಯಜಮಾನರ ಕಣ್ಣಿನ ಪೊರೆಯ ಆಪರೇಷನ್ನು. ಅಷ್ಟರೊಳಗೆ ಮುಗಿಸಬೇಕೆಂದು ಗಡಿಬಿಡಿಯಲ್ಲಿ ಕೂತೆ. ನಿಂಬೆಹಣ್ಣು ಎರಡು ಹೋಳು ಮಾಡಿ ಜೇಕಿನ ಬುಡಕ್ಕೆ ಉಜ್ಜಿದೆ, ಹುಳಿ ಇಳಿಯಲಿ ಎಂದು ಹೋಳುಗಳನ್ನು ಅಲ್ಲೇ ಬೋರಲು ಹಾಕಿದೆ. ಮೇಲೆ ಹಳ್ಳುಪ್ಪು ಚೆಲ್ಲಿದೆ. ಕೊನೆಗೆ ಬಟ್ಟೆಯ ಸಾಬೂನಿನ ನೀರು ಒಂದು ಬಕೆಟ್ಟು ಹೊಯ್ದೆ. ಜೇಕಿಗೆ ಬಯ್ಯುತ್ತಲೇ ಇದ್ದೆ. ನಿನ್ನ ವಂಶ ನಾಶ ಮಾಡುತ್ತೇನೆ ಎಂದು ಸಹ ಅಂದ ನೆನಪು. ಆಮೇಲೆ ಕೈ ತೊಳೆದು, ಯಜಮಾನರನ್ನು ಎಬ್ಬಿಸಿ, ಬಸ್‌ಸ್ಟ್ಯಾಂಡಿಗೆ ಓಡಿದೆ. ಬಕೆಟ್ಟು ಹೊಯ್ದ ಜಾಗವನ್ನು ತಿರುಗಿ ನೋಡಲಿಲ್ಲ.

ತಿರುಗಿ ನೋಡಿದ್ದರೆ ಕಾಣುತ್ತಿತ್ತು. ಅರಿಷಿಣಕ್ಕೆ ಸಾಬೂನಿನ ನೀರು ಬಿದ್ದರೆ ಕೆಂಪಾಗುತ್ತದೆ. ಮೂವತ್ತು ವರ್ಷ ಹುಡುಗರ ಮುಂದೆ ಇದೇ ಪ್ರಯೋಗ ಮಾಡಿ ತೋರಿಸಿದವಳು ನಾನು. ಕಳ್ಳ ಸ್ವಾಮಿಗಳು ನಿಂಬೆಹಣ್ಣಿನಿಂದ ರಕ್ತ ಬರಿಸುವುದು ಹೀಗೇ, ಅಂಜಬೇಡಿ ಎಂದು ಕೂಗಿ ಕೂಗಿ ಹೇಳಿದವಳು. ಇನ್ನೊಂದು ಮಾತು: ನಮ್ಮ ಮನೆಯ ಗೋಡೆಗೆ ಪಂಚಾಂಗದ ಕ್ಯಾಲೆಂಡರು ಇಲ್ಲ. ಒಳ್ಳೆಯ ದಿನ ಕೆಟ್ಟ ದಿನ ನೋಡುವುದಿಲ್ಲವೆಂಬ ಜಂಬ ನನಗೆ. ಅವತ್ತು ಮಹಾನವಮಿಯ ಅಮಾವಾಸ್ಯೆ.

ಮೂರನೆಯ ದಿನ ಸಂಜೆ ತಿರುಗಿ ಬಂದೆವು, ಯಜಮಾನರ ಒಂದು ಕಣ್ಣಿಗೆ ಹಸಿರು ಪಟ್ಟಿ. ದಾರಿ ಯಾರೋ ತಿಕ್ಕಿ ತಿಕ್ಕಿ ತೊಳೆದಂತಿತ್ತು, ಗೋಮೂತ್ರದ ವಾಸನೆ ಬಂತು. ನನ್ನ ಒಂದು ನಿಂಬೆ ಹೋಳೂ ಇರಲಿಲ್ಲ. ಗೇಟಿನ ಹೊರಗೆ ಕುಂಬಳಕಾಯಿ ಒಡೆದು ಬಿದ್ದಿತ್ತು. ಮಗ್ಗದ ಸಪ್ಪಳ ಇಲ್ಲ. ಯಜಮಾನರನ್ನು ಮಲಗಿಸಿ ಚಹಾಕ್ಕೆ ಇಡುವಷ್ಟರಲ್ಲಿ ನೇಕಾರರಾಕೆ ಬಂದು ಅಡುಗೆಮನೆಯ ಬಾಗಿಲಲ್ಲಿ ಕೂತಳು. ಕೂದಲು ಕಟ್ಟಿರಲಿಲ್ಲ.

"ಯಾರೋ ಮಾಡಿಸ್ಯಾರ್ರಿ ಅಕ್ಕೋರ," ಎಂದಳು. "ನಮ್ಮ ಹುಡುಗಿ ದಾಟ್ಯಾಳ."

ಅಮಾವಾಸ್ಯೆಯ ಸಂಜೆ ಮಗಳು ದವಾಖಾನೆಯಿಂದ ತಿರುಗಿ ಬರುವಾಗ ಗಾಡಿಯಿಂದ ಇಳಿದು ನಾಲ್ಕು ಹೆಜ್ಜೆ ನಡೆದಿದ್ದಾಳೆ. ಕಾಲಿಗೆ ಹರಳು ಹತ್ತಿದೆ, ನೋಡಿದರೆ ಉಪ್ಪು. ಪಕ್ಕದಲ್ಲಿ ಕೊಯ್ದ ನಿಂಬೆಹಣ್ಣು, ಕಲ್ಲಿನ ಮೇಲೆ ರಕ್ತ ಒಣಗಿದಂಥ ಕೆಂಪು ಕಲೆ. ಓಣಿಯ ಹೆಂಗಸರು ಸೇರಿ ಬಾಯಿ ಬಾಯಿ ಬಡಿದುಕೊಂಡಿದ್ದಾರೆ. ಹುಡುಗಿ ಅವತ್ತಿನಿಂದ ಸರಿಯಾಗಿ ಉಂಡಿಲ್ಲ, ಹೊಟ್ಟೆಯೊಳಗಿನ ಕೂಸು ಮಿಸುಕುತ್ತಿದೆಯೋ ಇಲ್ಲವೋ ಎಂದು ಗಳಿಗೆಗೊಮ್ಮೆ ಕೈ ಇಟ್ಟು ನೋಡಿಕೊಳ್ಳುತ್ತಾಳೆ. ಬಿಪಿ ಏರಿದೆ. ತನ್ನ ನೆಗೆಣ್ಣಿಯ ಮೇಲೆ ಸಂಶಯ ಎಂದೂ ಹೇಳಿದಳು. ನೆಗೆಣ್ಣಿ ಎಂದರೆ ಅವಳ ಮೈದುನನ ಹೆಂಡತಿ, ಹಿಂದಿನ ಓಣಿಯವಳು, ಆಸ್ತಿಯ ಜಗಳದಿಂದ ಇಬ್ಬರಿಗೂ ಮಾತಿಲ್ಲ. ಹಾಗೆ ಹೇಳಿ ನನ್ನ ಮುಖ ನೋಡುತ್ತಾ ಕೂತಳು.

ಆಗಲೇ ಹೇಳಬೇಕಿತ್ತು. ಎರಡು ಮಾತಿನ ಕೆಲಸ. ಹುಚ್ಚಿ, ಅದು ಮಾಟವಲ್ಲ, ಕಸದ ಮದ್ದು, ಹಾಕಿದವಳು ನಾನು. ಬಾಯಿಯವರೆಗೆ ಬಂತು. ಆದರೆ ಓಣಿಯವರು ಏನೆನ್ನಬಹುದೆಂದು ಹೊಳೆಯಿತು. ಮಕ್ಕಳಿಲ್ಲದವಳು, ಅಮಾವಾಸ್ಯೆಯ ದಿನ, ಬಸುರಿಯ ಬಾಗಿಲಿಗೆ ಉಪ್ಪು, ನಿಂಬೆ, ಕೆಂಪು ನೀರು ಹಾಕಿ, ಅದೇ ಮಧ್ಯಾಹ್ನ ಊರು ಬಿಟ್ಟು ಹೋದಳು. ಬೇರೆಯವರ ವಿಷಯದಲ್ಲಿ ಇದನ್ನು ಕೇಳಿದ್ದರೆ ನನಗೇ ಸಂಶಯ ಬರುತ್ತಿತ್ತು. ಹುನಗುಂದದಲ್ಲಿ ಜೊತೆ ಕೆಲಸ ಮಾಡುವವಳ ಮನೆಯ ಕುಬಸದಲ್ಲಿ ನನ್ನ ಕೈಯಿಂದ ಆರತಿಯ ತಟ್ಟೆಯನ್ನು ಅವಳ ಅತ್ತೆ ಮೆಲ್ಲಗೆ ತೆಗೆದುಕೊಂಡದ್ದಿದೆ. ಬಂಜೆ ಎಂದು ಬಾಯಿ ಬಿಟ್ಟು ಹೇಳಲಿಲ್ಲ, ತಟ್ಟೆ ಮಾತ್ರ ತೆಗೆದುಕೊಂಡರು. ಅದಾಗಿ ಎಷ್ಟೋ ವರ್ಷವಾದರೂ ನನ್ನ ಕೈಗೆ ಅದು ಗೊತ್ತಿದೆ. ಇನ್ನೊಂದನ್ನೂ ಮುಚ್ಚಿಡುವುದಿಲ್ಲ. ಈ ಹುಡುಗಿ ಮೊದಲ ಸಲ ಬಸುರಾದ ಸುದ್ದಿ ಬಂದಾಗ ಸಕ್ಕರೆ ಹಂಚಿದವಳು ನಾನೇ, ಆದರೆ ಒಳಗೆ ಏನೋ ಹಿಂಡಿತ್ತು. ಆ ಬಸುರು ಹೋದಾಗ ಅದನ್ನು ನೆನೆದು ನನಗೇ ಹೆದರಿಕೆಯಾಗಿತ್ತು. ವಿಜ್ಞಾನ ಕಲಿಸಿದವಳು ಅಂದುಕೊಳ್ಳಬಾರದ್ದನ್ನು ನಾನು ಅಂದುಕೊಂಡಿದ್ದೆ.

ಹಾಗಾಗಿ ಸುಮ್ಮನಿದ್ದೆ. ಬರೀ ಉಪ್ಪಿನಿಂದ ಏನೂ ಆಗುವುದಿಲ್ಲ, ಧೈರ್ಯವಾಗಿರಲು ಹೇಳು ಎಂದೆ. ಅವಳು ಚಹಾ ಕುಡಿಯದೆ ಎದ್ದು ಹೋದಳು.

ಮರುದಿನ ಬೆಳಿಗ್ಗೆ ಎಂಟಕ್ಕೆ ದಾರಿಯಲ್ಲಿ ಟಂಟಂ ಗಾಡಿಯ ಸದ್ದಾಯಿತು. ಹೊರಗೆ ಬಂದೆ. ಮೂರು ಗಾಲಿಯ ಆ ಗಾಡಿಯಲ್ಲಿ ದಿಂಬು, ನೀರಿನ ಬಾಟಲಿ, ಒಂದು ತೆಂಗಿನಕಾಯಿ ಇಟ್ಟಿದ್ದರು. ಕೆರೂರಿನ ಆಚೆ ಒಂದು ಹಳ್ಳಿಯಲ್ಲಿ ಮಾಡಿಸಿದ್ದನ್ನು ತೆಗೆಯುವವನೊಬ್ಬ ಇದ್ದಾನಂತೆ. ಹೊಗೆ ಹಾಕಿ, ಏನೋ ಬೇರು ಅರೆದು ಕುಡಿಸುತ್ತಾನಂತೆ. ಅಲ್ಲಿಗೆ ಹೋಗಲು ಅರ್ಧ ದಿನ ಬೇಕು, ಕೊನೆಯ ರಸ್ತೆಯಂತೂ ಬರೀ ತಗ್ಗು ದಿಣ್ಣೆ. ಹುಡುಗಿ ತಾಯಿಯ ಹೆಗಲು ಹಿಡಿದು ಕಟ್ಟೆ ಇಳಿಯುತ್ತಿದ್ದಳು. ಅವಳ ಮುಖ ನೋಡಿದೆ, ಗೋಡೆಗೆ ತಿರುಗಿ ಮಲಗಿದ ದಿನದ ಮುಖ. ಆ ಗಾಡಿ ಹತ್ತಿದರೆ ಈ ಕೂಸೂ ಉಳಿಯುವುದಿಲ್ಲವೆಂದು ನನಗೆ ಖಚಿತವಾಯಿತು. ನನ್ನ ಮಾನ ಹೋದರೆ ಹೋಗಲಿ ಎನಿಸಿತು.

ಓಡಿ ಹೋಗಿ ಗಾಡಿಯ ಮುಂದೆ ನಿಂತೆ. "ಗಾಡಿ ಹತ್ತಬ್ಯಾಡ. ಅದನ್ನ ಹಾಕಿದಾಕಿ ನಾನು."

ಗಾಡಿಯವನು ಎಂಜಿನ್ನು ಆರಿಸಿದ. ನಾನು ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ. ಜೇಕು, ಗಂಜಿ, ಇರುವೆ, ವಿಡಿಯೊ, ಗೋಬಿ ಗಾಡಿ. ಹೇಳುತ್ತಾ ಹೇಳುತ್ತಾ ನನಗೇ ಅದು ಕಟ್ಟುಕಥೆಯ ಹಾಗೆ ಕೇಳಿಸಿತು. ಒಳಗೆ ಹೋಗಿ ಅರಿಷಿಣ, ಸಾಬೂನಿನ ನೀರು, ನಿಂಬೆಹಣ್ಣು ತಂದು ಕಲ್ಲಿನ ಮೇಲೆ ಕೂತೆ. ಅರಿಷಿಣದ ಮೇಲೆ ನೀರು ಹಾಕಿದೆ, ಕೆಂಪಾಯಿತು. ಕೆಂಪಿನ ಮೇಲೆ ನಿಂಬೆಹಣ್ಣು ಹಿಂಡಿದೆ, ಹಳದಿಗೆ ತಿರುಗಿತು. ಉಪ್ಪಿನ ನಾಲ್ಕು ಹರಳು ನನ್ನ ಬಾಯಿಗೇ ಹಾಕಿಕೊಂಡೆ. ಹುಡುಗಿ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು. ಸ್ವಲ್ಪ ಹೊತ್ತಿಗೆ, "ಇದನ್ನ ನೀವು ನಮಗೆ ಒಂಬತ್ತನೇ ಕ್ಲಾಸಿನ್ಯಾಗ ಮಾಡಿ ತೋರ್ಸಿದ್ರಿ ದೊಡ್ಡವ್ವ," ಎಂದಳು. ಅವಳ ಹೆಗಲು ಇಳಿಯಿತು. ಮೂರು ದಿನದಿಂದ ಮೇಲಕ್ಕೆ ಎತ್ತಿ ಹಿಡಿದ ಹೆಗಲು.

ತಾಯಿಯ ಮುಖ ಮಾತ್ರ ಬದಲಾಗಲಿಲ್ಲ. ಕೆಂಪು ಹಳದಿಯಾದದ್ದನ್ನು ಅವಳು ನೋಡಲೇ ಇಲ್ಲ, ನನ್ನನ್ನೇ ನೋಡುತ್ತಿದ್ದಳು. ಕೊನೆಗೆ ಗಾಡಿಯವನಿಗೆ ಹೋಗಲು ಹೇಳಿದಳು. ನನಗೆ ಜೀವ ಬಂತು. ಆಮೇಲೆ ಒಳಗಿಂದ ಒಂದು ಬೊಗಸೆ ಉಪ್ಪು, ನಾಲ್ಕು ಒಣ ಮೆಣಸಿನಕಾಯಿ ತಂದು ನನ್ನ ಮುಂದೆ ಹಿಡಿದಳು.

"ಹಾಕಿದ ಕೈಯಿಂದನ ತೆಗೀಬೇಕ್ರಿ. ದೃಷ್ಟಿ ತೆಗೀರಿ."

ನನ್ನ ಮೈಯೆಲ್ಲ ಉರಿಯಿತು. ಇಷ್ಟು ಹೇಳಿದ ಮೇಲೂ ನಾನೇ ಮಾಡಿಸಿದವಳು ಎಂದು ಇವಳ ಮನಸ್ಸಿನಲ್ಲಿದೆ. ಇಷ್ಟು ವರ್ಷದ ನೆರೆ, ನಾನು ಹಗಲಿರುಳು ಎತ್ತಿ ಆಡಿಸಿದ ಹುಡುಗಿ. ಉಪ್ಪನ್ನು ಅಲ್ಲೇ ಚೆಲ್ಲಿ ಬಾಗಿಲು ಹಾಕಿಕೊಳ್ಳೋಣ ಎನಿಸಿತು. ದೃಷ್ಟಿ, ಮಾಟ, ಮಂತ್ರ ಸುಳ್ಳು ಎಂದು ಹೇಳಿಯೇ ನನ್ನ ಆಯುಷ್ಯ ಕಳೆದಿದೆ, ಈಗ ನನ್ನ ಕೈಯಿಂದಲೇ ದೃಷ್ಟಿ ತೆಗೆಯಬೇಕಂತೆ. ಬಾಯಿ ತೆರೆದೆ. ಹುಡುಗಿ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ನನ್ನನ್ನು ನೋಡಿದಳು. ಅವಳಿಗೂ ಅದು ಬೇಕಾಗಿತ್ತು. ಪ್ರಯೋಗ ಅವಳ ತಲೆಗೆ ಸಾಕಾಗಿತ್ತು, ಎದೆಗೆ ಸಾಕಾಗಿರಲಿಲ್ಲ.

ಉಪ್ಪು ಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಅವಳ ತಲೆಯಿಂದ ಕಾಲಿನವರೆಗೆ ಮೂರು ಸಲ ಇಳಿಸಿದೆ. ಹೇಗೆ ಮಾಡಬೇಕೆಂದು ಸರಿಯಾಗಿ ಬರಲಿಲ್ಲ, ಎಡಕ್ಕೋ ಬಲಕ್ಕೋ ತಿಳಿಯದೆ ನಿಂತಾಗ ತಾಯಿಯೇ ನನ್ನ ಮೊಣಕೈ ಹಿಡಿದು ತಿರುಗಿಸಿದಳು. ಯಾರ ಕಣ್ಣು ತಾಕಿದ್ದರೂ ಹೋಗಲಿ, ನನ್ನ ಕಣ್ಣು ತಾಕಿದ್ದರೂ ಹೋಗಲಿ ಎಂದು ಒಳಗೇ ಅಂದುಕೊಂಡೆ. ನಾಟಕಕ್ಕೆ ಅಂದುಕೊಂಡದ್ದಲ್ಲ, ಖರೆ ಅಂದುಕೊಂಡೆ. ಒಲೆಗೆ ಹಾಕಿದಾಗ ಉಪ್ಪು ಚಟಚಟ ಸಿಡಿಯಿತು. ಅದು ಯಾಕೆ ಸಿಡಿಯುತ್ತದೆಂದು ನನಗೆ ಗೊತ್ತು, ಅವತ್ತು ಯಾರಿಗೂ ಹೇಳಲಿಲ್ಲ. ಹುಡುಗಿ ಎರಡು ರೊಟ್ಟಿ ತಿಂದಳು, ಮಧ್ಯಾಹ್ನದವರೆಗೆ ನಿದ್ದೆ ಮಾಡಿದಳು. ನಾನು ಮನೆಗೆ ಬಂದು ಬಚ್ಚಲಿನಲ್ಲಿ ಕೂತು ಅತ್ತೆ.

ತಿಂಗಳೊಪ್ಪತ್ತು ಕಳೆದು ಬಾಗಲಕೋಟೆಯ ದವಾಖಾನೆಯಲ್ಲಿ ಹೆಣ್ಣುಕೂಸು ಹುಟ್ಟಿತು. ಸ್ವಲ್ಪ ಸಣ್ಣದು, ಆದರೆ ಅಳುವುದು ಜೋರು. ತಾಯಿ ಮಗಳು ಕೂಸನ್ನು ಕರೆತಂದಾಗ ನಾನು ಮನೆಯೊಳಗೇ ಇದ್ದೆ, ಕರೆಯದೆ ಹೋಗಬಾರದೆಂದು ಕೂತಿದ್ದೆ. ಹುಡುಗಿ ತಾನೇ ಬಂದು ಕೂಸನ್ನು ನನ್ನ ತೊಡೆಯ ಮೇಲೆ ಮಲಗಿಸಿ ಹೋದಳು. ತಾಯಿ ಮೊದಲಿನ ಹಾಗೆ ಮಾತಾಡುತ್ತಿದ್ದಳು, ಸಾರು ಕೊಡುತ್ತಿದ್ದಳು, ಆದರೆ ಆ ಬೆಳಗಿನ ಮಾತು ಇಬ್ಬರೂ ಎತ್ತಲಿಲ್ಲ.

ಕೂಸಿಗೆ ಮೂರು ತಿಂಗಳಾದಾಗ ಜೇಕು ಮತ್ತೆ ಎದ್ದಿತ್ತು. ಉಪ್ಪಿಗೆ, ಹುಳಿಗೆ, ಗಂಜಿಗೆ ಯಾವುದಕ್ಕೂ ಗಡ್ಡೆ ಜಗ್ಗಿರಲಿಲ್ಲ. ಖುರ್ಪಿ ಹಿಡಿದು ಸಂದಿ ಕೆದರುತ್ತಾ ಕೂತೆ, ಗಡ್ಡೆ ಕೈಯಿಂದಲೇ ತೆಗೆಯುವುದು ಎಂದು. ನೇಕಾರರಾಕೆ ಮಗ್ಗದಿಂದ ಎದ್ದು, ತನ್ನದೊಂದು ಖುರ್ಪಿ ತಂದು, ಎದುರಿಗೆ ಕೂತು ಇನ್ನೊಂದು ಸಂದಿ ಹಿಡಿದಳು. ಸ್ವಲ್ಪ ಹೊತ್ತು ಇಬ್ಬರೂ ಕೆದರಿದೆವು. ಆಮೇಲೆ ಅವಳೇ ಬಾಯಿ ಬಿಟ್ಟಳು. ನಾನು ನಿಂಬೆಹಣ್ಣು ಉಜ್ಜುವಾಗ ಅವಳು ನೋಡಿದ್ದಳಂತೆ. ಕುಣಿಮಗ್ಗದಲ್ಲಿ ನೆಲದ ಒಳಗೆ ಕಾಲು ಇಳಿಬಿಟ್ಟು ಕೂತವರಿಗೆ ಕಿಟಕಿಯಿಂದ ಕಲ್ಲಿನ ಮಟ್ಟ ಕಾಣುತ್ತದೆ, ನನ್ನ ಕೈ ಮಾತ್ರ ಕಂಡಿತ್ತಂತೆ. ಕಸದ ಮದ್ದಿರಬೇಕು ಎಂದೇ ಅಂದುಕೊಂಡಿದ್ದಳು. ಓಣಿಯವರು ಬಾಯಿ ಬಡಿದುಕೊಂಡ ಮೇಲೆ ತಲೆ ಕೆಟ್ಟಿತ್ತು. ಅದಕ್ಕೇ ಆ ಸಂಜೆ ನಮ್ಮ ಅಡುಗೆಮನೆಗೆ ಬಂದದ್ದು, ನೆಗೆಣ್ಣಿಯ ಹೆಸರು ಬೇಕೆಂದೇ ತೆಗೆದದ್ದು.

"ನೀವು ಒಂದ್ ಮಾತು ಹೇಳಿದ್ರ ಸಾಕಾಗಿತ್ತ್ರಿ ಅಕ್ಕೋರ. ಕೇಳಾಕ ಬಂದಿದ್ನಿ. ನೀವು ಸುಮ್ಮನ ಕುಂತ್ರಿ. ಅದಕ್ಕ ಗಾಡಿ ಕರಸಿದ್ನಿ."

ನನ್ನ ಕೈ ನಿಂತಿತು. ತಲೆ ಎತ್ತದೆ ಹೇಳಿದೆ, ಬಂಜೆ ಮಾಡಿಸಿದಳು ಎನ್ನುತ್ತೀ ಎಂದು ಅಂಜಿದೆ ಎಂದು.

ಅವಳು ಖುರ್ಪಿ ಕೆಳಗಿಟ್ಟಳು. "ಇಪ್ಪತ್ತು ವರ್ಷದಾಗ ಆ ಮಾತು ಒಮ್ಮೆರ ಅಂದೀನೇನ್ರಿ ನಾ?"

ಅಂದಿರಲಿಲ್ಲ. ಒಮ್ಮೆಯೂ ಅಂದಿರಲಿಲ್ಲ.